ವಾಣಿ ವಿಲಾಸ ಅಂದರೆ ಯಾರ ವಿಳಾಸ?

“ತಾತ, ಈ ವಾಣಿ ಅನ್ನೋರ ವಿಳಾಸ ನಮ್ಮ ಡ್ಯಾಮಿಗೆ ಯಾಕಿಟ್ರು?”

ಕೇಳಿದವಳು ನಮ್ಮ ಆದಿವಾಲದ ಆರನೇ ತರಗತಿ ಹುಡುಗಿ. ಶಾಲೆಯವರ ಜೊತೆ ಮಾರಿಕಣಿವೆ ನೋಡಿಕೊಂಡು ಬಂದಿದ್ದಳು. ಅಲ್ಲಿ ‘ವಾಣಿ ವಿಲಾಸ ಸಾಗರ’ ಎಂದು ಓದಿ, ಅದು ಮನೆ ನಂಬರು, ಬೀದಿ, ಪಿನ್ ಕೋಡ್ ಇರುವ ಯಾರದೋ ವಿಳಾಸವೆಂದೇ ತಿಳಿದುಕೊಂಡಿದ್ದಳು. ಪಕ್ಕದಲ್ಲಿದ್ದ ಅವಳ ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. ನನಗೆ ಮಾತ್ರ ಪ್ರಶ್ನೆ ಸರಿಯಾಗಿಯೇ ಇದೆ ಅನ್ನಿಸಿತು.

ಮಕ್ಕಳೇ, ಪತ್ರದ ಮೇಲೆ ಬರೆಯುವುದು ವಿಳಾಸ. ವಿಲಾಸ ಎಂದರೆ ಸೊಬಗು, ಲೀಲೆ. ವಾಣಿ ಎಂದರೆ ಮಾತು. ಸರಸ್ವತಿಗೂ ಅದೇ ಹೆಸರು. ಮೈಸೂರು ಅರಮನೆಯಲ್ಲಿ ಮಹಾರಾಣಿಯರನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಒಬ್ಬರು ಲಕ್ಷ್ಮೀ ವಿಲಾಸ ಸನ್ನಿಧಾನ, ಒಬ್ಬರು ಸೀತಾ ವಿಲಾಸ ಸನ್ನಿಧಾನ, ಹೀಗೆ. ನಮ್ಮ ಜಲಾಶಯಕ್ಕೆ ಹೆಸರು ಕೊಟ್ಟವರು ವಾಣಿ ವಿಲಾಸ ಸನ್ನಿಧಾನ. ಅಂದರೆ ಅದು ಬಿರುದು. ಹಾಗಾದರೆ ಅವರ ಹೆಸರೇನು?

ಮರುದಿನ ಹೆದ್ದಾರಿ ಪಕ್ಕದ ಟೀ ಅಂಗಡಿಯಲ್ಲಿ ಇದೇ ಪ್ರಶ್ನೆ ಹಾಕಿದೆ. ಮಳೆಗಾಲ ಬಂತೆಂದರೆ “ಇವತ್ತು ಎಷ್ಟಡಿ ಆಯ್ತು?” ಎಂದು ದಿನಾ ವಿಚಾರಿಸುವ ಜನ ಅಲ್ಲಿದ್ದವರು. ಡ್ಯಾಮಿನ ಮಟ್ಟ ಅವರಿಗೆ ಬಾಯಿಪಾಠ. “ಮೈಸೂರು ರಾಣಿ ಕಣಪ್ಪ” ಅಂದರು ಒಬ್ಬರು. “ಒಡವೆ ಮಾರಿ ಕಟ್ಟಿಸಿದ ಮಹಾತಾಯಿ” ಅಂದರು ಇನ್ನೊಬ್ಬರು. “ಅದು ಕನ್ನಂಬಾಡಿ ಕಥೆ, ಇದರದ್ದಲ್ಲ” ಎಂದು ಮೂರನೆಯವರು ತಡೆದರು. ಹೆಸರು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ.

ಹೆಸರು ಕೆಂಪನಂಜಮ್ಮಣ್ಣಿ.

ಒಡವೆಯ ಕಥೆ ಕೇಳಲು ಚೆನ್ನಾಗಿದೆ, ನಿಮ್ಮ ಅಜ್ಜ ಅಜ್ಜಿಯರೂ ಹೇಳಿರಬಹುದು. ಆದರೆ ಆ ಕಥೆಯ ಮೇಲೆ ನನ್ನದೊಂದು ಸಣ್ಣ ತಕರಾರಿದೆ. ಒಬ್ಬ ಹೆಂಗಸು ದೊಡ್ಡ ಕೆಲಸ ಮಾಡಿದಳೆಂದರೆ ನಾವು ಮೊದಲು ಅವಳ ಕೈ, ಕೊರಳು ನೋಡುತ್ತೇವೆ, ಏನು ಬಿಚ್ಚಿ ಕೊಟ್ಟಳು ಎಂದು. ಏನು ಯೋಚನೆ ಮಾಡಿದಳು, ಯಾವ ತೀರ್ಮಾನ ತೆಗೆದುಕೊಂಡಳು ಎಂದು ಕೇಳುವುದಿಲ್ಲ. ಈ ವಾರ ಅದನ್ನೇ ಕೇಳೋಣ.

ಕೆಂಪನಂಜಮ್ಮಣ್ಣಿಯವರು ಹುಟ್ಟಿದ್ದು 1866ರಲ್ಲಿ, ನಂಜನಗೂಡಿನ ಹತ್ತಿರದ ಕಳಲೆಯ ಅರಸು ಮನೆತನದಲ್ಲಿ. 1878ರಲ್ಲಿ ಮೈಸೂರಿನ ಚಾಮರಾಜೇಂದ್ರ ಒಡೆಯರ ಜೊತೆ ಮದುವೆ. ಲೆಕ್ಕ ಹಾಕಿ ನೋಡಿ: ಹನ್ನೆರಡು ವರ್ಷ. ನಿಮ್ಮ ತರಗತಿಯಲ್ಲಿ ಏಳನೇ ಕ್ಲಾಸಿನ ಹುಡುಗಿ. ಆ ಕಾಲಕ್ಕೆ ಅದು ತಡವಾದ ಮದುವೆಯೆಂದೇ ಎಷ್ಟೋ ಮನೆಗಳಲ್ಲಿ ಅನ್ನುತ್ತಿದ್ದರು. ಮೂವರು ಹೆಣ್ಣುಮಕ್ಕಳು, ಇಬ್ಬರು ಗಂಡುಮಕ್ಕಳು ಆದರು.

1894ರ ಡಿಸೆಂಬರ್ ಕೊನೆಯಲ್ಲಿ ಮಹಾರಾಜರು ಕಲ್ಕತ್ತೆಯಲ್ಲಿದ್ದಾಗ ಗಂಟಲುಮಾರಿ ಬಂತು. ಇವತ್ತು ಹಸುಗೂಸಿಗೆ ಚುಚ್ಚುಮದ್ದು ಹಾಕಿಸಿ ನಾವು ಮರೆತುಬಿಡುವ ಕಾಯಿಲೆ ಅದು. ಡಿಸೆಂಬರ್ 28ರಂದು ಅವರು ತೀರಿಕೊಂಡರು. ವಯಸ್ಸು 31. ಮಹಾರಾಣಿಗೆ ಆಗ 28. ಪಟ್ಟಕ್ಕೆ ಬರಬೇಕಾದ ಹಿರಿಯ ಮಗ ಕೃಷ್ಣರಾಜನಿಗೆ ಹತ್ತು ವರ್ಷ.

ಈಗ ಸ್ವಲ್ಪ ಹಿಂದಕ್ಕೆ ಹೋಗಿ ಬರೋಣ, ಇಲ್ಲದಿದ್ದರೆ ಆ ಹೊತ್ತಿನ ಭಯ ಏನೆಂದು ತಿಳಿಯುವುದಿಲ್ಲ. 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತವನ್ನು ಅರಸರ ಕೈಯಿಂದ ಕಿತ್ತುಕೊಂಡಿದ್ದರು. ಅದು ಮತ್ತೆ ಅರಮನೆಗೆ ಸಿಕ್ಕಿದ್ದು 50 ವರ್ಷಗಳ ನಂತರ, 1881ರಲ್ಲಿ. ಸಿಕ್ಕಿ ಹದಿಮೂರೇ ವರ್ಷ ಆಗಿತ್ತು, ಅಷ್ಟರಲ್ಲಿ ರಾಜ ಇಲ್ಲ, ಮಗ ಚಿಕ್ಕವನು. ಆಡಳಿತ ಕೆಟ್ಟಿತು ಅನ್ನುವುದಕ್ಕೆ ಒಂದು ನೆಪ ಸಿಕ್ಕಿದರೂ ಕಷ್ಟವಿತ್ತು.

ಬಾಲಕ ಕೃಷ್ಣರಾಜನಿಗೆ 1895ರ ಫೆಬ್ರವರಿಯಲ್ಲಿ ಪಟ್ಟವಾಯಿತು. ಅವನು ದೊಡ್ಡವನಾಗುವ ತನಕ ರಾಜ್ಯವಾಳಲು ಅವನ ತಾಯಿಯನ್ನೇ ರೀಜೆಂಟ್ ಎಂದು, ಅಂದರೆ ರಾಜನ ಪರವಾಗಿ ಆಳುವವರೆಂದು ನೇಮಿಸಿದರು. ದಿವಾನ್ ಶೇಷಾದ್ರಿ ಅಯ್ಯರ್ ಮತ್ತು ಕೆಲವು ಸದಸ್ಯರಿದ್ದ ಮಂಡಳಿಯೊಂದು ಅವರ ಜೊತೆಗಿತ್ತು. ದೊಡ್ಡ ತೀರ್ಮಾನಗಳಿಗೆಲ್ಲ ಮಹಾರಾಣಿಯ ಒಪ್ಪಿಗೆ ಬೇಕು. ಗಂಡ ಸತ್ತ ಹೆಂಗಸು ಮುಖ ಹೊರಗೆ ಹಾಕಬಾರದು ಎನ್ನುತ್ತಿದ್ದ ಕಾಲದಲ್ಲಿ ರಾಜ್ಯದ ಕಡತಗಳೆಲ್ಲ ಅವರ ಮುಂದೆ ಬಂದು ಕೂತವು. ಮುಂದಿನ ಏಳು ವರ್ಷ, ಮಗ ಪೂರ್ಣಾಧಿಕಾರ ವಹಿಸಿಕೊಂಡ 1902ರ ಆಗಸ್ಟ್ ತನಕ, ಇದೇ ಕೆಲಸ.

“ರಾಣಿ ಅಂದ್ಮೇಲೆ ರಾಜಕಾರಣಿ ಹೇಗಾಗ್ತಾರೆ? ವೋಟು ಕೇಳಿರಲಿಲ್ವಲ್ಲ?” ಎಂದು ಜಾಣ ಮಕ್ಕಳು ಕೇಳುತ್ತೀರಿ. ಸರಿ. ಯಾರ ಮನೆ ಬಾಗಿಲಿಗೂ ಅವರು ಕೈಮುಗಿದು ಹೋಗಿರಲಿಲ್ಲ. ಮೈಸೂರಿನಲ್ಲಿ 1881ರಿಂದಲೇ ಪ್ರಜಾಪ್ರತಿನಿಧಿ ಸಭೆ ಇತ್ತು, ಆದರೆ ಅದರಲ್ಲಿ ಕೂತವರೆಲ್ಲ ಗಂಡಸರು. ಹೆಂಗಸರಿಗೆ ಅಲ್ಲಿ ಮತದ ಹಕ್ಕಿನ ಬಾಗಿಲು ತೆರೆದದ್ದು 1923ರ ಸುಧಾರಣೆಯಲ್ಲಿ. ಅಂದರೆ ಇಡೀ ರಾಜ್ಯವಾಳುತ್ತಿದ್ದ ಹೆಂಗಸಿನ ಕಾಲದಲ್ಲಿ ಅದೇ ರಾಜ್ಯದ ಒಬ್ಬ ಹೆಂಗಸಿಗೂ ಸಭೆಗೆ ಪ್ರತಿನಿಧಿಯನ್ನು ಆರಿಸುವ ಹಕ್ಕಿರಲಿಲ್ಲ! ಆದರೂ ರಾಜಕಾರಣ ಎಂದರೆ ಬರೀ ವೋಟಲ್ಲವಲ್ಲ. ಇರುವ ಹಣ ಯಾವುದಕ್ಕೆ ಮೊದಲು, ಯಾವುದಕ್ಕೆ ಆಮೇಲೆ ಎಂದು ತೀರ್ಮಾನಿಸುವುದೂ ರಾಜಕಾರಣವೇ. ನಿಮ್ಮ ಮನೆಯಲ್ಲಿ ಅಮ್ಮ ತಿಂಗಳ ಮೊದಲ ವಾರ ಮಾಡುವುದೂ ಬಹುಮಟ್ಟಿಗೆ ಅದೇ.

ಅವರ ಏಳು ವರ್ಷಗಳಲ್ಲಿ ಕಷ್ಟಗಳಿಗೇನೂ ಬರ ಇರಲಿಲ್ಲ. 1897ರಲ್ಲಿ ಹಿರಿಯ ಮಗಳು ಜಯಲಕ್ಷಮ್ಮಣ್ಣಿಯ ಮದುವೆಯ ಹೊತ್ತಿಗೆ ಮೈಸೂರಿನ ಹಳೆಯ ಮರದ ಅರಮನೆಗೆ ಬೆಂಕಿ ಬಿತ್ತು. ಇವತ್ತು ದಸರೆಯಲ್ಲಿ ದೀಪ ಹಾಕಿಕೊಂಡು ನಿಲ್ಲುವುದು ಆಮೇಲೆ ಕಟ್ಟಿದ್ದು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು, ಜನ ಮನೆ ಬಿಟ್ಟು ಬಯಲಿಗೆ ಓಡಿದರು. ಅದರ ನಡುವೆಯೇ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದವು. ಶಿವನಸಮುದ್ರದಲ್ಲಿ ಕಾವೇರಿಯಿಂದ ವಿದ್ಯುತ್ ತೆಗೆದು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಕಳಿಸಿದರು. ಇದೆಲ್ಲ ದೊಡ್ಡ ದೊಡ್ಡ ಕಥೆಗಳು, ಒಂದೊಂದಕ್ಕೂ ಒಂದೊಂದು ವಾರ ಬೇಕು. ನಾವು ನಮ್ಮ ಊರಿನ ಕಡೆ ಬರೋಣ.

ಹಿರಿಯೂರು, ಚಳ್ಳಕೆರೆ ಸೀಮೆ ಹೇಗಿದೆ ಎಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಬೇರೆ ಊರಿನ ಮಕ್ಕಳಿಗಾಗಿ ಹೇಳುತ್ತೇನೆ. ಮೋಡ ಬರುತ್ತದೆ, ನೋಡುತ್ತದೆ, ಹೋಗುತ್ತದೆ. ಕಡಲೆಕಾಯಿ ಬಿತ್ತಿ ಆಕಾಶ ನೋಡುವುದು ನಮ್ಮ ಕಸುಬು. ಬಾಬಾಬುಡನ್ ಗಿರಿಯ ಕಡೆ ಹುಟ್ಟುವ ವೇದಾವತಿ ಮಾತ್ರ ಈ ಒಣ ನೆಲವನ್ನು ಹಾದುಹೋಗುತ್ತಾಳೆ. ಹಿರಿಯೂರಿನ ಹತ್ತಿರ ಎರಡು ಗುಡ್ಡಗಳ ನಡುವೆ ಇಕ್ಕಟ್ಟಿನಲ್ಲಿ ತೂರಿಕೊಂಡು ಬರುತ್ತಾಳೆ. ಕಣಿವೆ ಮಾರಮ್ಮನ ಗುಡಿ ಇರುವುದರಿಂದ ಅದು ಮಾರಿಕಣಿವೆ. ಆ ಇಕ್ಕಟ್ಟಿಗೆ ಒಂದು ಗೋಡೆ ಹಾಕಿದರೆ ನೀರು ನಿಲ್ಲುತ್ತದೆ ಎಂದು ಯಾವ ದನ ಕಾಯುವ ಹುಡುಗನಿಗೂ ಹೊಳೆಯುತ್ತದೆ. ಹಾಕುವವರು ಯಾರು?

ಕೆಲಸ ಶುರುವಾದದ್ದು 1898ರಲ್ಲಿ, ಅಂದರೆ ಪ್ಲೇಗಿನ ವರ್ಷವೇ, ಅರಮನೆ ಸುಟ್ಟ ಮರುವರ್ಷವೇ. ಇಲ್ಲಿ ನಾನು ಒಂದು ಕ್ಷಣ ನಿಲ್ಲುತ್ತೇನೆ. ಸ್ವಂತ ಮನೆ ಸುಟ್ಟಿದೆ, ರಾಜಧಾನಿಯ ಪಕ್ಕದ ನಗರದಲ್ಲಿ ಹೆಣ ಬೀಳುತ್ತಿವೆ. “ಆ ಮೂಲೆಯ ಬರದ ಸೀಮೆಗೆ ಅಣೆಕಟ್ಟು ಈಗಲೇ ಬೇಕೆ, ಇನ್ನು ನಾಲ್ಕು ವರ್ಷ ಬಿಟ್ಟು ನೋಡೋಣ” ಎಂದಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಯೋಜನೆ ದಿವಾನರದ್ದು, ಲೆಕ್ಕ ಎಂಜಿನಿಯರುಗಳದ್ದು, ಬೆವರು ಕಲ್ಲು ಹೊತ್ತ ಕೂಲಿಗಳದ್ದು. ಜಾಗ ಬಿಟ್ಟುಕೊಟ್ಟವರು ಮುಳುಗಡೆಯಾದ ಹಳ್ಳಿಗಳ ಜನ, ಅವರನ್ನು ಮರೆಯಬಾರದು. ಆದರೆ ಆಗಲಿ ಎಂಬ ಮಾತು ಬೇಕಿದ್ದದ್ದು ಒಬ್ಬರಿಂದ, ಅದು ಬಂತು. ಕಲ್ಲು ಮತ್ತು ಸುಣ್ಣದ ಗಾರೆಯ ಕಟ್ಟೆ, ಉದ್ದ ಸುಮಾರು 1,330 ಅಡಿ. ಮುಗಿದದ್ದು 1907ರಲ್ಲಿ. ಅಷ್ಟರಲ್ಲಿ ಅವರು ಅಧಿಕಾರ ಬಿಟ್ಟು ಐದು ವರ್ಷವಾಗಿತ್ತು.

ನೀರಿನ ಪೂರ್ಣಮಟ್ಟ 130 ಅಡಿ. ಆದರೆ ನೀರು ತುಂಬಬೇಕಲ್ಲ! ಮೊದಲ ಸಲ ಕೋಡಿ ಬಿದ್ದದ್ದು 1933ರಲ್ಲಿ, ಕಟ್ಟಿ 26 ವರ್ಷಗಳ ಮೇಲೆ. ಎರಡನೇ ಸಲ 2022ರಲ್ಲಿ, ಮತ್ತೆ 89 ವರ್ಷಗಳ ಮೇಲೆ. ಆವತ್ತು ನೀವೂ ಹೋಗಿರುತ್ತೀರಿ, ನೀರು ಧುಮುಕುವುದನ್ನು ಮೊಬೈಲಿನಲ್ಲಿ ಹಿಡಿದಿರುತ್ತೀರಿ. ನಮ್ಮ ತಲೆಮಾರಿನವರು ಅದನ್ನು ನೋಡದೆಯೇ ಹೋಗುತ್ತೇವೆ ಅಂದುಕೊಂಡಿದ್ದೆವು. ಆದರೆ ಕೋಡಿ ಬೀಳದ ಅಷ್ಟೂ ವರ್ಷಗಳಲ್ಲಿ ತೆಂಗಿನ ತೋಟಗಳಿಗೆ, ಹಿರಿಯೂರು ಚಿತ್ರದುರ್ಗದ ಕೊಳಾಯಿಗಳಿಗೆ ಆ ಅರೆಬರೆ ನೀರೇ ಆಸರೆಯಾಗಿತ್ತು.

ಇದು ಕಣ್ಣಿಗೆ ಕಾಣುವ ಕೆಲಸ. ಅವರ ಇನ್ನೊಂದು ಕೆಲಸ ಅಷ್ಟು ಸುಲಭವಾಗಿ ಕಾಣುವುದಿಲ್ಲ, ಅದು ಹೆಣ್ಣುಮಕ್ಕಳ ಓದು.

ಚಾಮರಾಜೇಂದ್ರ ಒಡೆಯರು ತೀರಿಕೊಳ್ಳುವ ಕೆಲವೇ ತಿಂಗಳ ಹಿಂದೆ, 1894ರಲ್ಲಿ, ಮೈಸೂರಿನಲ್ಲಿ ಒಂದು ಕಾನೂನು ಬಂದಿತ್ತು. ಎಂಟು ವರ್ಷ ತುಂಬದ ಹುಡುಗಿಗೆ ಮದುವೆ ಮಾಡಬಾರದು. ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗಬಾರದು. ಮಕ್ಕಳೇ, ಇನ್ನೊಮ್ಮೆ ಓದಿ. ಎಂಟು ವರ್ಷ! ಮೂರನೇ ತರಗತಿ! ಇಷ್ಟು ಸಣ್ಣ ಮಾತಿಗೂ ಕಾನೂನು ಬೇಕಾಗಿತ್ತು, ಇಷ್ಟು ಸಣ್ಣ ಮಾತನ್ನೂ ‘ಧರ್ಮಕ್ಕೆ ಕೈ ಹಾಕಿದರು’ ಎಂದು ವಿರೋಧಿಸುವವರಿದ್ದರು. ಬ್ರಿಟಿಷರ ನೇರ ಆಡಳಿತದ ಪ್ರಾಂತ್ಯಗಳಿಗೆ ಮದುವೆಯ ವಯಸ್ಸಿನ ಕಾನೂನು ಬಂದದ್ದು 1929ರಲ್ಲಿ, ಶಾರದಾ ಕಾಯಿದೆಯ ಮೂಲಕ. ಕಾನೂನು ಬರೆಸಿದವರು ಹೋಗಿಬಿಟ್ಟರು. ಅದನ್ನು ಜಾರಿಯಲ್ಲಿಟ್ಟು ನಡೆಸುವ ಭಾರ ಬಿದ್ದದ್ದು ಹನ್ನೆರಡಕ್ಕೆ ಮದುವೆಯಾಗಿದ್ದ, ಇಪ್ಪತ್ತೆಂಟಕ್ಕೆ ಗಂಡನನ್ನು ಕಳೆದುಕೊಂಡ ಮಹಾರಾಣಿಯ ಕಾಲದ ಸರ್ಕಾರದ ಮೇಲೆ.

ಮದುವೆ ಒಂದೆರಡು ವರ್ಷ ಮುಂದಕ್ಕೆ ಹೋದರೆ ಆ ಒಂದೆರಡು ವರ್ಷ ಹುಡುಗಿ ಏನು ಮಾಡಬೇಕು? ಶಾಲೆಗೆ ಹೋಗಬಹುದು. ಮೈಸೂರಿನಲ್ಲಿ 1881ರಲ್ಲೇ ಹೆಣ್ಣುಮಕ್ಕಳ ಶಾಲೆಯೊಂದು ಶುರುವಾಗಿತ್ತು. ಅರಮನೆಯ ಅಧಿಕಾರಿ ಅಂಬಳೆ ನರಸಿಂಹ ಅಯ್ಯಂಗಾರ್ ಅದರ ಹಿಂದೆ ಓಡಾಡಿದವರು. ಹೆಸರು ಮಹಾರಾಣಿ ಶಾಲೆ. ಯಾವ ಮಹಾರಾಣಿ ಅಂತೀರಾ? ಆಗ ಹದಿನೈದು ವರ್ಷದ ಕೆಂಪನಂಜಮ್ಮಣ್ಣಿಯವರೇ. ಹೆಣ್ಣು ಓದಿದರೆ ಕೆಡುತ್ತಾಳೆ, ಗಂಡ ಬೇಗ ಸಾಯುತ್ತಾನೆ ಎಂದೆಲ್ಲ ನಂಬಿದ್ದ ಕಾಲ. ಅರಮನೆಯವರ ಹೆಸರೇ ಬೋರ್ಡಿನ ಮೇಲಿದ್ದರೆ ಎಷ್ಟು ಜನ ಬಾಯಿ ಬಿಟ್ಟಾರು? ಹೆಸರನ್ನು ಹೀಗೂ ಬಳಸಬಹುದು ನೋಡಿ.

ಶಾಲೆಯವರೂ ಉಪಾಯಗಾರರು. ಬರೀ ಅಕ್ಷರ, ಲೆಕ್ಕ ಅಂದರೆ ಮನೆಯವರು ಕಳಿಸುವುದಿಲ್ಲವೆಂದು ಸಂಗೀತ, ಸಂಸ್ಕೃತ, ಹೊಲಿಗೆಯನ್ನೂ ಸೇರಿಸಿದರು. “ನಮ್ಮ ಮಗು ವೀಣೆ ಕಲೀತಾಳೆ” ಎಂದರೆ ಅಜ್ಜಿ ಒಪ್ಪುತ್ತಾಳೆ. ವೀಣೆಯ ಹಿಂದೆ ಹಿಂದೆಯೇ ಭೂಗೋಳವೂ ಒಳಗೆ ಬರುತ್ತದೆ.

ಮಹಾರಾಣಿ ಆಳಲು ಕೂತ ವರ್ಷದ ಸುಮಾರಿಗೆ, 1895ರಲ್ಲಿ, ಈ ಶಾಲೆಗೆ ಪಾಠ ಹೇಳಲು ಬಂಗಾಳದಿಂದ ಒಬ್ಬ ಯುವತಿ ಬಂದರು. ಹೆಸರು ಸರಳಾದೇವಿ. ಕವಿ ರವೀಂದ್ರನಾಥ ಠಾಕೂರರ ಅಕ್ಕನ ಮಗಳು, ಬಿ.ಎ. ಓದಿದವರು, ವಯಸ್ಸು ಇಪ್ಪತ್ತೆರಡು ಇಪ್ಪತ್ತಮೂರು. ಶ್ರೀಮಂತರ ಮನೆ, ದುಡಿಯುವ ಅಗತ್ಯವೇ ಇರಲಿಲ್ಲ. ಆದರೂ ಗಂಡುಮಕ್ಕಳ ಹಾಗೆ ತಾನೂ ಮನೆ ಬಿಟ್ಟು ದುಡಿದು ನೋಡಬೇಕೆಂಬ ಹಟ. ಭಾಷೆ ಗೊತ್ತಿಲ್ಲದ ಊರಿಗೆ, ಮದುವೆಯಾಗದ ಹುಡುಗಿ, ಒಬ್ಬಳೇ! ಅವರು ಮೈಸೂರಿನಲ್ಲಿ ಹೆಚ್ಚು ಕಾಲ ಇರಲಿಲ್ಲ. ವಾಪಸು ಹೋಗುವಾಗ ಇಲ್ಲಿ ಕೇಳಿದ ಹಾಡುಗಳ ಧಾಟಿಗಳನ್ನು ಗಂಟು ಕಟ್ಟಿಕೊಂಡು ಹೋದರು. ಸೋದರಮಾವ ರವೀಂದ್ರರು ಅಂಥ ಧಾಟಿಗಳಿಗೆ ಬಂಗಾಳಿ ಮಾತು ಕೂಡಿಸಿದರು. ಮುಂದೆ 1910ರಲ್ಲಿ ಸರಳಾದೇವಿ ದೇಶದ ಹೆಂಗಸರಿಗಾಗಿ ಭಾರತ ಸ್ತ್ರೀ ಮಹಾಮಂಡಲ ಎಂಬ ಸಂಘ ಕಟ್ಟಿದರು. ಶಾಲೆಯ ಹುಡುಗಿಯರಿಗೆ ಅವರಿಂದ ಯಾವ ಪಾಠ ನೆನಪುಳಿಯಿತೋ. ಒಬ್ಬ ಹೆಂಗಸು ಸಂಬಳ ತೆಗೆದುಕೊಂಡು ಬದುಕಬಹುದು ಎಂಬುದನ್ನಂತೂ ಕಣ್ಣಾರೆ ಕಂಡಿರಬೇಕು.

ಇಪ್ಪತ್ತನೇ ಶತಮಾನ ಕಣ್ಣು ಬಿಡುವ ಹೊತ್ತಿಗೆ ಆ ಶಾಲೆಯಲ್ಲಿ ಕಾಲೇಜು ತರಗತಿಗಳೂ ಹುಟ್ಟಿಕೊಂಡವು. ಇವತ್ತು ಮೈಸೂರಿನ ಮಹಾರಾಣಿ ಕಾಲೇಜುಗಳೆಂದು ನಾವು ಕರೆಯುವುದು ಅದೇ ಬೇರಿನ ಚಿಗುರುಗಳನ್ನು. ನಮ್ಮ ಜಿಲ್ಲೆಯಿಂದಲೂ ಅಲ್ಲಿ ಹಾಸ್ಟೆಲಿನಲ್ಲಿದ್ದು ಓದಿದ ಹೆಣ್ಣುಮಕ್ಕಳಿದ್ದಾರೆ.

ಇಷ್ಟು ಹೊಗಳಿದ ಮೇಲೆ ಇನ್ನೊಂದು ಮಾತನ್ನೂ ಹೇಳಬೇಕು. ಆ ಶಾಲೆ ಶುರುವಿನಲ್ಲಿ ಎಲ್ಲರ ಶಾಲೆಯಾಗಿರಲಿಲ್ಲ. ಪೇಟೆಯ, ಮೇಲ್ಜಾತಿಯೆಂದು ಕರೆಸಿಕೊಂಡವರ ಮನೆಯ ಹುಡುಗಿಯರಿಗೆ ಅದು ತೆರೆದುಕೊಂಡಿತ್ತು. ಹಿರಿಯೂರು ಸೀಮೆಯಲ್ಲಿ ಕುರಿ ಹಿಂದೆ ಹೋಗುವ ಹುಡುಗಿಗೆ, ಮಾರಿಕಣಿವೆಯಲ್ಲಿ ಕಲ್ಲು ಹೊರುತ್ತಿದ್ದ ಕೂಲಿಯ ಮಗಳಿಗೆ ಅಲ್ಲಿ ಜಾಗವಿರಲಿಲ್ಲ. 1901ರ ಜನಗಣತಿಯ ಹೊತ್ತಿಗೆ ಮೈಸೂರು ರಾಜ್ಯದಲ್ಲಿ ನೂರು ಜನ ಹೆಂಗಸರನ್ನು ಸಾಲಾಗಿ ನಿಲ್ಲಿಸಿದರೆ ಓದು ಬರಹ ಬಲ್ಲವಳು ಹೆಚ್ಚುಕಮ್ಮಿ ಒಬ್ಬಳು. ಅರಮನೆಯವರು ಬಾಗಿಲು ತೆಗೆದರು ನಿಜ, ಬಾಗಿಲು ಬಹಳ ಕಿರಿದಾಗಿತ್ತು. ಅಗಲ ಮಾಡಲು ಆಮೇಲೆ ಬಹಳ ಜನ ಹೆಗಲು ಕೊಡಬೇಕಾಯಿತು.

ಇದಕ್ಕೆ ಒಂದು ಉದಾಹರಣೆ ಹೇಳುತ್ತೇನೆ, ನನಗೆ ಬಹಳ ಇಷ್ಟವಾದದ್ದು. ಜಮಶೇಟಜಿ ತಾತಾ ಅವರು ದೇಶಕ್ಕೊಂದು ದೊಡ್ಡ ವಿಜ್ಞಾನ ಸಂಸ್ಥೆ ಬೇಕು ಎಂದು ಹೊರಟಾಗ ಅದಕ್ಕೆ ಬೆಂಗಳೂರಿನಲ್ಲಿ ನೆಲ ಕೊಡುವ ಮಾತು ಮೊಳೆತದ್ದು ಈ ಮಹಾರಾಣಿಯ ಕಾಲದಲ್ಲಿ, ಶೇಷಾದ್ರಿ ಅಯ್ಯರ್ ಅವರ ಉತ್ಸಾಹದಿಂದ. ಮಗ ಕೃಷ್ಣರಾಜ ಒಡೆಯರ ಕಾಲಕ್ಕೆ ಅದು ಕೈಗೂಡಿತು. 371 ಎಕರೆ ಕೊಟ್ಟರು, 1909ರಲ್ಲಿ ಸಂಸ್ಥೆ ಹುಟ್ಟಿತು. ಈಗಲೂ ಬೆಂಗಳೂರಿನವರು ಅದನ್ನು ಟಾಟಾ ಇನ್‌ಸ್ಟಿಟ್ಯೂಟ್ ಎನ್ನುತ್ತಾರೆ. 1933ರಲ್ಲಿ ಬೊಂಬಾಯಿಯಿಂದ ಕಮಲಾ ಭಾಗವತ್ ಎಂಬ ಹುಡುಗಿ, ಬಿ.ಎಸ್‌ಸಿ.ಯಲ್ಲಿ ಒಳ್ಳೆಯ ಅಂಕ ತೆಗೆದವಳು, ಅಲ್ಲಿ ಸಂಶೋಧನೆ ಮಾಡುತ್ತೇನೆಂದು ಬಂದಳು. ನೊಬೆಲ್ ಪಡೆದ ಸಿ.ವಿ. ರಾಮನ್ ಆಗ ನಿರ್ದೇಶಕರು. ಹುಡುಗಿಯರಿಗೆ ಇಲ್ಲಿ ಜಾಗವಿಲ್ಲ ಎಂದರು. ಅವಳು ಜಗ್ಗಲಿಲ್ಲ. ಕೊನೆಗೆ ಒಂದು ವರ್ಷ ನೋಡೋಣ ಎಂಬ ಷರತ್ತು ಹಾಕಿ ಸೇರಿಸಿಕೊಂಡರು. ಅವಳ ಕೆಲಸ ನೋಡಿ ಆಮೇಲೆ ಬೇರೆ ಹುಡುಗಿಯರಿಗೂ ಬಾಗಿಲು ತೆರೆದರು. ಮುಂದೆ ಕಮಲಾ ಸೊಹೊನಿ ಎಂದು ಹೆಸರಾದ ಆಕೆ 1939ರಲ್ಲಿ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದರು. ಒಬ್ಬ ಹೆಂಗಸು ಆಳುತ್ತಿದ್ದಾಗ ಕೊಡಲು ಹೊರಟ ನೆಲದ ಮೇಲೆ ಕಾಲಿಡಲು ಇನ್ನೊಬ್ಬ ಹೆಂಗಸು ಹಟ ಹಿಡಿದು ಕೂರಬೇಕಾಯಿತು! 1933 ಎಂದೆನಲ್ಲ, ನಮ್ಮ ಮಾರಿಕಣಿವೆ ಮೊದಲ ಸಲ ಕೋಡಿ ಬಿದ್ದ ವರ್ಷವೂ ಅದೇ. ಮಹಾರಾಣಿ ಆಗ ಇನ್ನೂ ಬದುಕಿದ್ದರು. 1934ರಲ್ಲಿ ತೀರಿಕೊಂಡರು.

ಅವರು ಕುರ್ಚಿ ಬಿಟ್ಟ ಮೇಲೆ ಎಷ್ಟೋ ದೂರ ಬಂದಿದ್ದೇವೆ. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ 1926ರಲ್ಲಿ ಮದ್ರಾಸ್ ಶಾಸನಸಭೆಗೆ ಚುನಾವಣೆಗೇ ನಿಂತರು. ಗೆಲ್ಲಲಿಲ್ಲ, ಸ್ವಲ್ಪದರಲ್ಲಿ ತಪ್ಪಿತು. 1972ರಲ್ಲಿ ಗುಂಡ್ಲುಪೇಟೆಯ ಕೆ.ಎಸ್. ನಾಗರತ್ನಮ್ಮ ನಮ್ಮ ವಿಧಾನಸಭೆಯ ಮೊದಲ ಮಹಿಳಾ ಸ್ಪೀಕರ್ ಆಗಿ, ಗಂಡಸರೇ ತುಂಬಿದ ಸಭೆಯನ್ನು “ಕೂತ್ಕೊಳ್ಳಿ” ಎಂದು ಕೂರಿಸುವ ಜಾಗಕ್ಕೆ ಬಂದರು. ಈಗ ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಹೆಂಗಸರಿಗೆ. ನಿಮ್ಮ ಊರಿನ ಪಂಚಾಯಿತಿ ಕಚೇರಿಗೆ ಒಂದು ದಿನ ಹೋಗಿ ನೋಡಿ. ಸಭೆಯಲ್ಲಿ ಹೆಂಗಸರು ಮಾತಾಡುತ್ತಾರೋ, ಅವರ ಪರವಾಗಿ ಅವರ ಗಂಡಂದಿರು ಮಾತಾಡುತ್ತಾರೋ ಎಂಬುದನ್ನೂ ಗಮನಿಸಿ. ಎರಡನೆಯದನ್ನು ನಾನು ಬಹಳ ಸಲ ನೋಡಿದ್ದೇನೆ, ಈಚೆಗೆ ಸ್ವಲ್ಪ ಕಡಿಮೆಯಾಗಿದೆ.

ಓದಿನ ಲೆಕ್ಕವೂ ಹಾಗೆಯೇ. 2011ರ ಜನಗಣತಿಯಲ್ಲಿ ಚಿತ್ರದುರ್ಗ ಜಿಲ್ಲೆಯಲ್ಲಿ ನೂರಕ್ಕೆ ಸುಮಾರು 66 ಹೆಂಗಸರು ಅಕ್ಷರ ಬಲ್ಲವರು. ಒಂದರಿಂದ 66. ಸಂತೋಷವೇ. ಆದರೆ ಉಳಿದವರು ಯಾರು? ಹೆಚ್ಚಿನವರು ನಿಮ್ಮ ಅಜ್ಜಿಯ ವಯಸ್ಸಿನವರು. ತಮ್ಮನನ್ನು ಎತ್ತಿಕೊಳ್ಳಬೇಕಿತ್ತು ಎಂದು ಶಾಲೆ ಬಿಟ್ಟವರು, ಮುಂದಿನ ಶಾಲೆ ಬೇರೆ ಊರಿನಲ್ಲಿತ್ತು ಎಂದು ಬಿಟ್ಟವರು, ದೊಡ್ಡವಳಾದಳು ಎಂದು ಬಿಡಿಸಿಕೊಂಡವರು.

ಅಜ್ಜ ಅಜ್ಜಿಯರಿಗೆ ಒಂದು ಮಾತು. ಹತ್ತನೇ ತರಗತಿ ಮುಗಿದ ಮೇಲೆ “ಇನ್ನು ಸಾಕು, ಒಳ್ಳೆ ಸಂಬಂಧ ಬಂದಿದೆ” ಎಂಬ ಮಾತು ಈಗಲೂ ಮನೆಗಳಲ್ಲಿ ಏಳುತ್ತದೆ, ನಿಮಗೂ ಗೊತ್ತು. ಆವಾಗ ಮನೆಯಲ್ಲಿ ಎಲ್ಲರೂ ನೋಡುವುದು ನಿಮ್ಮ ಮುಖವನ್ನೇ. ಮಗ ಸೊಸೆಗಿಂತ ನಿಮ್ಮ “ಓದಲಿ ಬಿಡ್ರಪ್ಪಾ” ಎಂಬ ಒಂದು ಮಾತಿಗೆ ತೂಕ ಜಾಸ್ತಿ. ಮಕ್ಕಳೇ, ನಿಮಗೂ ಒಂದು ಸಂಖ್ಯೆ ಹೇಳಿರುತ್ತೇನೆ: 1098. ಮಕ್ಕಳ ಸಹಾಯವಾಣಿ. ಹಣ ಬೀಳುವುದಿಲ್ಲ. ನಿಮ್ಮ ಜೊತೆ ಓದುವ ಹುಡುಗಿ ಇದ್ದಕ್ಕಿದ್ದಂತೆ ಶಾಲೆಗೆ ಬರುವುದು ನಿಂತು, ಮದುವೆಯಂತೆ ಎಂಬ ಸುದ್ದಿ ಕಿವಿಗೆ ಬಿದ್ದರೆ ಮೊದಲು ಮೇಷ್ಟ್ರಿಗೋ ಟೀಚರಿಗೋ ಹೇಳಿ, ಅಥವಾ ಈ ನಂಬರಿಗೆ ಫೋನ್ ಮಾಡಿ. 1894ರಲ್ಲಿ ಎಂಟು ವರ್ಷ ಇದ್ದದ್ದು ಈಗ ಹದಿನೆಂಟು ಆಗಿದೆ, ಕಾನೂನು ನಿಮ್ಮ ಕಡೆಗಿದೆ.

ಈ ವಾರದ ಕೆಲಸ. ನಿಮ್ಮ ಅಜ್ಜಿಯ ಪಕ್ಕ ಕೂತು ಮೂರು ಪ್ರಶ್ನೆ ಕೇಳಿ. ಎಷ್ಟನೇ ತರಗತಿಗೆ ಶಾಲೆ ಬಿಟ್ಟಿರಿ? ಬಿಡಬೇಕು ಎಂದು ತೀರ್ಮಾನ ಮಾಡಿದವರು ಯಾರು? ಬಿಡದೇ ಇದ್ದಿದ್ದರೆ ಏನು ಓದುತ್ತಿದ್ದಿರಿ? ಹೇಳಿದ್ದನ್ನು ತಿದ್ದದೆ, ಅವರ ಮಾತಿನಲ್ಲೇ ಬರೆದು ನಮಗೆ ಕಳಿಸಿ. ಅಜ್ಜಿಗೆ ಬರೆಯಲು ಬಂದರೆ ಅವರ ಕೈಯಲ್ಲೇ ಒಂದು ಸಾಲು ಬರೆಸಿ. ಕಾಗದದ ಕೊನೆಗೆ ‘ಇಂಥವರ ಅಜ್ಜಿ’ ಎಂದು ಹಾಕಬೇಡಿ, ‘ಇಂಥವರ ಹೆಂಡತಿ’ ಎಂದೂ ಬೇಡ. ಅಜ್ಜಿಯ ಸ್ವಂತ ಹೆಸರು ಕೇಳಿಕೊಂಡು ಅದನ್ನು ಬರೆಯಿರಿ. ಕೆಳಗೆ ವಿಳಾಸ. ಅದಕ್ಕೆ ದೊಡ್ಡ ‘ಳ’.